ಗವಸು ಹಾಕಿದ ಟಿವಿ

ತರಗತಿಯಲ್ಲಿ ತಂತ್ರಜ್ಞಾನ ಬಳಸುವುದು ಹೇಗೆಂದು ಕಲಿಸಲು ನಮ್ಮನ್ನೆಲ್ಲ ಹರಪನಹಳ್ಳಿಗೆ ಕರೆಸಿದ ವಾರ ಕರೆಂಟಿಗೂ ನಮಗೂ ಸರಿಹೋಗಲಿಲ್ಲ. ಬೆಳಿಗ್ಗೆ ಉದ್ಘಾಟನೆಯ ಭಾಷಣಕ್ಕೆ ಇರುತ್ತಿತ್ತು, ಊಟದ ಹೊತ್ತಿಗೆ ಫ್ಯಾನು ತಿರುಗಿಸಲು ಬರುತ್ತಿತ್ತು, ಪಾಠ ಶುರುವಾಯಿತೆಂದರೆ ಹೋಗುತ್ತಿತ್ತು. ನಾನು ತೆಲಿಗಿ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಗಣಿತ, ವಿಜ್ಞಾನ ಹೇಳಿಕೊಡುವವಳು. ಮೆಕ್ಕೆಜೋಳದ ಲಾರಿಗಳ ಹಿಂದೆ ತೆವಳುವ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಬ್ಯಾನರಿನ ಮುಂದೆ ಫೋಟೊ ತೆಗೆಸಿಕೊಂಡರೆ ಅರ್ಧ ತರಬೇತಿ ಮುಗಿದ ಹಾಗೆ. ಉಳಿದರ್ಧ ಮಂಡಕ್ಕಿ ಮಿರ್ಚಿ ಬರುವವರೆಗೆ.

ತರಬೇತಿ ಕೊಡಲು ಬಂದವನು ಇನ್ನೂ ಮದುವೆಯಾಗದ ಹುಡುಗ. ಮಾತು ನಯ, ನಮ್ಮ ಮೇಲೆ ಗೌರವ. ಅವನದೇನೂ ತಪ್ಪಿಲ್ಲ. ಮೊದಲ ದಿನ ಲ್ಯಾಪ್‌ಟಾಪಿನ ಬ್ಯಾಟರಿ ಇರುವವರೆಗೆ ಗೋಡೆಯ ಮೇಲೆ ಬಿದ್ದ ಅಕ್ಷರಗಳನ್ನು ಗಟ್ಟಿಯಾಗಿ ಓದಿದ. ನಾವೂ ಓದಬಲ್ಲವರು ಎಂಬುದು ಅವನಿಗೆ ಹೊಳೆಯಲಿಲ್ಲ. ಅದನ್ನು ಹೇಳಿ ಅವನ ಮನಸ್ಸು ನೋಯಿಸುವುದು ನಮಗೂ ಸರಿಯೆನಿಸಲಿಲ್ಲ. ಬ್ಯಾಟರಿ ಮುಗಿದ ಮೇಲೆ ಅವನು ಸೀಮೆಸುಣ್ಣ ಹಿಡಿದು ಕಪ್ಪುಹಲಗೆಯ ಮೇಲೆ ಸ್ಮಾರ್ಟ್ ಟಿವಿಯ ಪರದೆಯೊಂದನ್ನು ಬರೆದ. ಪಕ್ಕದಲ್ಲಿ ಉದ್ದನೆಯ ರಿಮೋಟು, ಅದರ ಮೇಲೆ ಚೌಕಚೌಕದ ಗುಂಡಿಗಳು.

"ಒಬ್ಬೊಬ್ರ ಬರ್ರಿ. ಇಲ್ಲಿ ಒತ್ರಿ. ಈಗ ವಿಡಿಯೋ ಓಪನ್ ಆತು ಅಂತ ತಿಳ್ಕಳ್ರಿ" ಎಂದ.

ನಾನು ಹೋಗಿ ಒತ್ತಿದೆ. ಬೆರಳಿಗೆ ಸುಣ್ಣ ಹತ್ತಿತು. ನನ್ನ ಹಿಂದೆ ಬಂದ ಹಿರಿಯ ಮೇಷ್ಟ್ರೊಬ್ಬರು ಒತ್ತಿ, ಸ್ವಲ್ಪ ಹೊತ್ತು ಅಲ್ಲೇ ಕಾದು, "ನಂದು ಓಪನ್ ಆಗವಲ್ದು ಸರ್" ಎಂದರು. ಹಿಂದಿನ ಬೆಂಚಿನಿಂದ ಯಾರೋ "ನೆಟ್ ಸ್ಲೋ ಐತಿ, ತಡೀರಿ" ಎಂದರು. ಆ ಇಡೀ ವಾರದಲ್ಲಿ ನಾವೆಲ್ಲ ಒಟ್ಟಿಗೆ ಮನಸಾರೆ ನಕ್ಕದ್ದು ಅದೊಂದೇ ಸಲ.

ನಗು ಬೇರೆ, ಹೊಟ್ಟೆಯುರಿ ಬೇರೆ. ಹಲಗೆಯ ಮೇಲೆ ಸುಣ್ಣದಲ್ಲಿ ಬರೆದ ಆ ಟಿವಿ ನಮ್ಮ ಶಾಲೆಯಲ್ಲಿ ನಿಜವಾಗಿಯೂ ಇತ್ತು. ಅದು ಬಂದು ಎರಡು ಮಳೆಗಾಲ ಕಳೆದ ಮೇಲೆ ಅದನ್ನು ಹಚ್ಚುವುದು ಹೇಗೆಂಬ ತರಬೇತಿ ಬಂದಿತ್ತು. ಆ ಎರಡು ಮಳೆಗಾಲವೂ ಟಿವಿ ನಮ್ಮ ಹೆಡ್‌ಮಾಸ್ಟ್ರ ಕೋಣೆಯ ಗೋಡೆಯ ಮೇಲೆ, ಹಸಿರು ಗವಸಿನ ಒಳಗೆ, ಬೆಚ್ಚಗೆ ಕೂತಿತ್ತು. ಗವಸು ಹೊಲಿದವರು ಹೆಡ್‌ಮಾಸ್ಟ್ರ ಮನೆಯವರು. ಅಳತೆ ತೆಗೆದುಕೊಂಡು, ಕೆಳಗೆ ಲಾಡಿ ಇಟ್ಟು, ಹಳೆಯ ಸೀರೆಯ ಅಂಚನ್ನು ಸುತ್ತ ಕೂಡಿಸಿ ಚೆಂದವಾಗಿಯೇ ಹೊಲಿದಿದ್ದರು. ಗವಸಿನ ಒಳಗೆ ಕಂಪನಿಯವರು ಅಂಟಿಸಿ ಕಳಿಸಿದ್ದ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಅದನ್ನು ಕೀಳಬಾರದೆಂದು ಹೆಡ್‌ಮಾಸ್ಟ್ರ ಕಟ್ಟಪ್ಪಣೆ. ಕೋಣೆಗೆ ಒಂದು ಬೀಗ, ಟಿವಿಯ ಸ್ವಿಚ್ಚಿದ್ದ ಮರದ ಪೆಟ್ಟಿಗೆಗೆ ಇನ್ನೊಂದು. ಎರಡೂ ಬೀಗದ ಕೈ ಅವರ ಉಡಿದಾರದಲ್ಲಿ.

ಇದನ್ನು ಓದಿ ಅವರನ್ನು ಕೆಲಸಗಳ್ಳರೆಂದೋ ದಡ್ಡರೆಂದೋ ತಿಳಿಯಬೇಡಿ, ನನಗೆ ಸಿಟ್ಟು ಬರುತ್ತದೆ. ಅವರು ಕೊಟ್ಟೂರಿನವರು. ಹಣೆಗೆ ಮೂರು ಬೆರಳಿನ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಗಂಟೆ ಹೊಡೆಯುವ ಮೊದಲೇ ಗೇಟಿನ ಹತ್ತಿರ ನಿಂತಿರುವ ಮನುಷ್ಯ. ಕನ್ನಡ ಪಾಠ ಹೇಳಲು ನಿಂತರೆ ಪಕ್ಕದ ಕೋಣೆಯಲ್ಲಿ ನನ್ನ ಲೆಕ್ಕ ನಿಂತು ಹೋಗುತ್ತಿತ್ತು, ಮಕ್ಕಳು ಅತ್ತ ಕಿವಿಗೊಡುತ್ತಿದ್ದವು. ಅವರಿಗೆ ಇದ್ದದ್ದು ಒಂದೇ ಭಯ. ಅವರ ಗೆಳೆಯರೊಬ್ಬರು ಬೇರೆ ಶಾಲೆಯಿಂದ ನಿವೃತ್ತರಾದಾಗ ಕಂಪ್ಯೂಟರೊಂದು ಕೆಟ್ಟು ಕೂತಿತ್ತಂತೆ. ಅದಕ್ಕೆ ಯಾರು ಹೊಣೆ ಎಂದು ತೀರ್ಮಾನವಾಗುವವರೆಗೆ ಅವರ ಪೆನ್ಶನ್ ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ತಿರುಗುತ್ತಲೇ ಇತ್ತು. ಆ ಗೆಳೆಯರು ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳನ್ನು ಇಟ್ಟುಕೊಂಡು ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕೂತಿರುವುದನ್ನು ನಮ್ಮ ಹೆಡ್‌ಮಾಸ್ಟ್ರು ಎಷ್ಟೋ ಸಲ ನೋಡಿದ್ದರು. ಕೊನೆಕೊನೆಗೆ ಮುಖ ತಪ್ಪಿಸಿಕೊಂಡು ಓಡಾಡುತ್ತಿದ್ದರಂತೆ. ತಮಗೆ ಹಾಗಾಗಬಾರದು, ನಿವೃತ್ತಿಯಾಗಿ ಚಾರ್ಜ್ ಕೊಡುವ ದಿನ ಶಾಲೆಯ ಒಂದು ಸಾಮಾನಿನ ಮೇಲೂ ಯಾರೂ ಬೆರಳಿಡಬಾರದು. ಅವರು ಬೇಡಿಕೊಂಡದ್ದು ಇಷ್ಟೇ.

ಮುಖ್ಯಗುರುಗಳಿಗೆಂದು ಬೇರೆಯಾಗಿ ಒಂದು ದಿನದ ತರಬೇತಿ ಇತ್ತು. ಇವರು ಹೋಗಿ ಬಂದರು. ಏನು ಕಲಿತಿರಿ ಸರ್ ಎಂದು ಕೇಳಿದೆ.

"ಒಂದ ಪ್ರಶ್ನಿ ಕೇಳಿದೆ ಮೇಡಂ. ಕೆಟ್ರ ಯಾರು ಜವಾಬ್ದಾರಿ ಅಂತ. ಮುಖ್ಯಗುರುಗಳ ಅಂದ್ರು. ಅಷ್ಟು ಸಾಕಾತು."

ನನ್ನ ತರಬೇತಿ ಮುಗಿದ ಮೇಲೆ ನಾನು ಬೀಗದ ಕೈ ಕೇಳಲು ಹೋದೆ. ತರಬೇತಿ ಪಡೆದ ಪ್ರತಿ ಶಿಕ್ಷಕರೂ ವಾರಕ್ಕೊಮ್ಮೆಯಾದರೂ ಟಿವಿ ಬಳಸಿ ಪಾಠ ಮಾಡಬೇಕು, ಅದರ ಫೋಟೊ ಶಿಕ್ಷಕರ ಮೊಬೈಲ್ ಗ್ರೂಪಿಗೆ ಹಾಕಬೇಕು ಎಂದು ಹೇಳಿ ಕಳಿಸಿದ್ದರು. ಹೆಡ್‌ಮಾಸ್ಟ್ರು ಕನ್ನಡಕ ತೆಗೆದು ಒರೆಸಿದರು.

"ನಾನು ಮುಂದಿನ ಬ್ಯಾಸಗಿ ಬಿಟ್ಟು ಅದರ ಮುಂದಿನ ಬ್ಯಾಸಗಿಗೆ ಮನಿಗೆ ಹೋಗಾಂವ. ಅಲ್ಲಿತನ ಅದನ್ನ ಮುಟ್ಟಬ್ಯಾಡ್ರಿ. ಆಮ್ಯಾಲೆ ನೀವ ಇನ್‌ಚಾರ್ಜ್ ಆಕ್ಕೀರಿ. ಬೇಕಾದ್ರ ಮುಂಜಾನಿಂದ ಸಂಜಿತನ ಹಚ್ಕೊಂಡು ಕುಂದರ್ರಿ."

"ಅಲ್ಲಿತನ ಮಕ್ಕಳು ಏನ್ ಮಾಡ್ಬೇಕ್ರಿ ಸರ್?"

"ಮಕ್ಕಳು ಎಲ್ಲಿ ಹೊಕ್ಕಾವ ಮೇಡಂ, ಬರ್ತಾನ ಇರ್ತಾವ."

ನಾನೂ ಬಿಡಲಿಲ್ಲ. ನನ್ನ ಬಾಯಿ ಮೊದಲೇ ಸುಮ್ಮನಿರುವುದಲ್ಲ. ಗ್ರೂಪಿನಲ್ಲಿ ನಮ್ಮ ಶಾಲೆಯ ಹೆಸರಿನ ಮುಂದೆ ಖಾಲಿ ಇದ್ದರೆ ಮೇಲಿನವರು ನೋಟಿಸು ಕಳಿಸುತ್ತಾರೆ, ಅದೂ ನಿಮ್ಮ ಹೆಸರಿಗೇ ಬರುತ್ತದೆ ಎಂದೆ. ನೋಟಿಸೆಂದ ಕೂಡಲೇ ಅವರು ಯೋಚನೆಗೆ ಬಿದ್ದರು. ಹೊರಗೆ ಒಂದು ಸುತ್ತು ಹಾಕಿ ಬಂದು ತೀರ್ಪು ಕೊಟ್ಟರು: ಫೋಟೊ ತಾನೇ ಬೇಕಾದದ್ದು, ಫೋಟೊ ತೆಗೆಯಿರಿ, ಗವಸು ತೆಗೆಯಬಹುದು, ಪ್ಲಾಸ್ಟಿಕ್ ತೆಗೆಯುವಂತಿಲ್ಲ, ಹಚ್ಚುವಂತಿಲ್ಲ.

ಹೀಗೆ ನಮ್ಮಲ್ಲಿ ತಂತ್ರಜ್ಞಾನ ಆಧಾರಿತ ಕಲಿಕೆ ಶುರುವಾಯಿತು. ಪ್ರತಿ ಶುಕ್ರವಾರ ಏಳನೇ ತರಗತಿಯ ಮಕ್ಕಳು ಹೆಡ್‌ಮಾಸ್ಟ್ರ ಕೋಣೆಯ ನೆಲದ ಮೇಲೆ ಸಾಲಾಗಿ ಕೂರುತ್ತಿದ್ದರು. ಎದುರಿಗೆ ಕಪ್ಪು ಪರದೆ. ನಾನು ಕೋಲು ಹಿಡಿದು ಪರದೆಯ ಯಾವುದೋ ಒಂದು ಜಾಗ ತೋರಿಸುತ್ತಿದ್ದೆ. ಮಕ್ಕಳು ಕಣ್ಣರಳಿಸಿ, ಕೆಲವರು ಬಾಯಿಯನ್ನೂ ತೆರೆದು, ಆ ಏನೂ ಇಲ್ಲದ ಜಾಗವನ್ನು ನೋಡುತ್ತಿದ್ದರು. ಮೊದಲ ವಾರ ನಗು ತಡೆಯಲು ಆಗುತ್ತಿರಲಿಲ್ಲ. ಮೂರನೇ ವಾರದ ಹೊತ್ತಿಗೆ ಎಲ್ಲರೂ ಪಳಗಿದರು. ಫೋಟೊ ಹಿಂದಿನಿಂದ ತೆಗೆದರೆ ಪರದೆ ಖಾಲಿ ಎಂದು ಕಾಣುತ್ತದೆ, ಆದ್ದರಿಂದ ಪಕ್ಕದಿಂದ ತೆಗೆಯಬೇಕು ಎಂಬುದನ್ನು ನಾನೂ ಕಲಿತೆ. ಗ್ರೂಪಿನಲ್ಲಿ ಹೆಬ್ಬೆರಳುಗಳೂ ಮುಗಿದ ಕೈಗಳೂ ಸಾಲುಗಟ್ಟಿ ಬರುತ್ತಿದ್ದವು. 'ಮಕ್ಕಳ ಮುಖದಲ್ಲಿ ಕುತೂಹಲ ಎದ್ದು ಕಾಣುತ್ತಿದೆ' ಎಂದು ಮೇಲಿನವರೊಬ್ಬರು ಒಮ್ಮೆ ಬರೆದರು. ಅದೇನೂ ಸುಳ್ಳಲ್ಲ.

ಆ ಸಾಲಿನಲ್ಲಿ ಮುಂದೆ ಕೂರುತ್ತಿದ್ದ ಒಬ್ಬ ಹುಡುಗಿ, ಎರಡು ಜಡೆಯ ಚುರುಕು ಹುಡುಗಿ, ಪ್ರತಿ ಶುಕ್ರವಾರವೂ ಕೂರುವ ಮೊದಲು ಕೇಳುತ್ತಿದ್ದಳು.

"ಟೀಚರ್, ಇವತ್ತು ಹಚ್ತೀರೇನ್ರಿ, ಇಲ್ಲಾ ಬರೇ ನೋಡಾದಾ?"

"ಬರೇ ನೋಡಾದು" ಎನ್ನುತ್ತಿದ್ದೆ. ಅವಳು ತಲೆಯಾಡಿಸಿ ಕೂರುತ್ತಿದ್ದಳು. ಒಂದು ಶುಕ್ರವಾರವೂ ತಪ್ಪಿಸಲಿಲ್ಲ, ಒಂದು ಶುಕ್ರವಾರವೂ ಕೇಳದೆ ಬಿಡಲಿಲ್ಲ. ಆ ವರ್ಷ ಮುಗಿದು ಅವಳ ತರಗತಿ ಹೈಸ್ಕೂಲಿಗೆ ಹೋಯಿತು. ಹೊಸ ಏಳನೆಯವರು ಬಂದು ಅದೇ ನೆಲದ ಮೇಲೆ ಕೂತು ಅದೇ ಮುಖ ಮಾಡಲು ಕಲಿತರು.

ಆಮೇಲೆ ಆಯುಧ ಪೂಜೆ ಬಂತು. ದಸರಾ ರಜೆ ಇದ್ದರೂ ಹೆಡ್‌ಮಾಸ್ಟ್ರು ಆ ದಿನ ಶಾಲೆಗೆ ಬಂದು ಪೂಜೆ ಮಾಡಿಯೇ ಮನೆಯ ಪೂಜೆಗೆ ಹೋಗುವವರು. ನಾನೂ, ಅಡುಗೆಯ ಇಬ್ಬರು ಹೆಣ್ಣುಮಕ್ಕಳೂ ಬರುತ್ತಿದ್ದೆವು. ಗಂಟೆಗೆ, ಬೀರುವಿಗೆ, ನೀರಿನ ಮೋಟರಿಗೆ, ಅಡುಗೆ ಕೋಣೆಯ ದೊಡ್ಡ ಕುಕ್ಕರಿಗೆ ವಿಭೂತಿ, ಕುಂಕುಮ, ಚೆಂಡುಹೂವು. ಪ್ರತಿ ವರ್ಷ ಟಿವಿಗೆ ಗವಸಿನ ಮೇಲೇ ಹೂವು ಏರಿಸುತ್ತಿದ್ದರು. ಈ ಸಲ ಅವರಿಗೆ ಏನನಿಸಿತೋ, ಇದು ಶಾಲೆಯಲ್ಲಿ ತಮ್ಮ ಕೊನೆಯ ಆಯುಧ ಪೂಜೆ ಎಂದೋ ಏನೋ, ಲಾಡಿ ಬಿಚ್ಚಿ ಗವಸು ತೆಗೆದರು. ಆಮೇಲೆ ಪ್ಲಾಸ್ಟಿಕ್ ಹಾಳೆಯ ಮೂಲೆಗೆ ಉಗುರು ಹಾಕಿ, ಮೆಲ್ಲಗೆ, ಬಾಳೆಹಣ್ಣಿನ ಸಿಪ್ಪೆ ಬಿಡಿಸಿದ ಹಾಗೆ ಪೂರಾ ಬಿಡಿಸಿದರು. ನಾನು ಬೆಪ್ಪಾಗಿ ನಿಂತು ನೋಡಿದೆ.

"ಪೂಜಿಗೆ ಪ್ಲಾಸ್ಟಿಕ್ ಅಡ್ಡ ಇರಬಾರದ್ರಿ ಮೇಡಂ" ಎಂದರು.

ಅಂಗೈಯಲ್ಲಿ ವಿಭೂತಿಗಟ್ಟಿ ಇಟ್ಟು ನೀರು ಹಾಕಿ ಕಲಸಿ, ಮೂರು ಬೆರಳು ಅದ್ದಿ, ಪರದೆಯ ಈ ಅಂಚಿನಿಂದ ಆ ಅಂಚಿನವರೆಗೆ ಎಳೆದರು. ಪರದೆ ದೊಡ್ಡದು, ಕಲಸಿದ್ದು ಸಾಲಲಿಲ್ಲ, ಮತ್ತೆ ನೀರು ಹಾಕಿ ಮತ್ತೆ ಎಳೆದರು. ನಡುವೆ ಕುಂಕುಮ. ಮೇಲೆ ಚೆಂಡುಹೂವಿನ ಹಾರ, ಅದೂ ಅಡುಗೆಯವರು ಬಾಡಬಾರದೆಂದು ಬಕೆಟ್ಟಿನಲ್ಲಿ ಅದ್ದಿ ತಂದದ್ದು. ಕರ್ಪೂರ ಬೆಳಗಿ, ಕಾಯಿ ಒಡೆದು, ಆ ನೀರನ್ನು ವೀಳ್ಯದೆಲೆಯಿಂದ ಎಲ್ಲ ಸಾಮಾನುಗಳ ಮೇಲೂ ಚಿಮುಕಿಸಿದರು. ಟಿವಿಗೆ ಮಾತ್ರ ಎರಡು ಸಲ, ಪ್ರೀತಿ ಹೆಚ್ಚಾಗಿ. ಅವರು ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದಾಗ ಪರದೆಯ ಮೇಲಿಂದ ಬಿಳಿ ನೀರಿನ ಸಣ್ಣ ಸಣ್ಣ ಎಳೆಗಳು ಇಳಿದು ಕೆಳಗಿನ ಪಟ್ಟಿಯ ಸಂದಿಯಲ್ಲಿ ಸೇರುತ್ತಿದ್ದವು. ನಾನು ವಿಜ್ಞಾನ ಹೇಳಿಕೊಡುವವಳು. ನನಗೂ ಆ ಹೊತ್ತಿನಲ್ಲಿ ಅದು ಚೆಂದವಾಗಿಯೇ ಕಂಡಿತು.

ರಜೆ ಮುಗಿದ ಮೇಲೆ ಎಲ್ಲ ಶಾಲೆಗಳೂ ಕಡ್ಡಾಯವಾಗಿ ನೇರಪ್ರಸಾರದ ಕಾರ್ಯಕ್ರಮವೊಂದನ್ನು ಮಕ್ಕಳಿಗೆ ತೋರಿಸಬೇಕೆಂದು ಆದೇಶ ಬಂತು. ಟಿವಿ ನಡೆಯುತ್ತಿರುವ ವಿಡಿಯೋ ಕಳಿಸಬೇಕು, ಫೋಟೊ ನಡೆಯುವುದಿಲ್ಲ. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಹೆಡ್‌ಮಾಸ್ಟ್ರು ಮರದ ಪೆಟ್ಟಿಗೆಯ ಬೀಗ ತೆಗೆದರು. ನಾನು ಸುಣ್ಣದ ಹಲಗೆಯ ಮೇಲೆ ಕಲಿತಿದ್ದ ಗುಂಡಿಯನ್ನು ನಿಜದ ರಿಮೋಟಿನಲ್ಲಿ ಹುಡುಕಿ ಒತ್ತಿದೆ. ಟಿವಿ ಹತ್ತಿತು. ಮಕ್ಕಳು ಹೋ ಎಂದರು. ಎಡಗಡೆ ಮೇಲಿನಿಂದ ಕೆಳಗಿನವರೆಗೆ ಅಂಗೈ ಅಗಲದ ಕಪ್ಪು ಪಟ್ಟಿ, ಅದರ ಪಕ್ಕ ಒಂದಿಷ್ಟು ಹಸಿರು ಗೆರೆಗಳು. ಉಳಿದ ಜಾಗದಲ್ಲಿ ಯಾರೋ ಭಾಷಣ ಮಾಡುತ್ತಿದ್ದರು.

ಮಕ್ಕಳಿಗೆ ಅದು ಹಾಗೇ ಇರುತ್ತದೇನೋ ಎನಿಸಿರಬೇಕು, ಖುಷಿಯಾಗಿ ನೋಡಿದರು. ಹೆಡ್‌ಮಾಸ್ಟ್ರು ಬಾಗಿಲ ಹತ್ತಿರದ ಕುರ್ಚಿ ಹಿಡಿದು ಕೂತರು. ಹರಪನಹಳ್ಳಿಯಿಂದ ರಿಪೇರಿಯವನನ್ನು ಕರೆಸಿದೆವು. ಅವನು ಹಿಂದಿನ ಮುಚ್ಚಳ ಬಿಚ್ಚಿ ನೋಡಿ, "ಒಳಗ ನೀರ ಹೋಗೈತ್ರಿ. ಇದನ್ಯಾರು ತೊಳದಿದ್ರು?" ಎಂದ. ಹೆಡ್‌ಮಾಸ್ಟ್ರು ಗವಸು ಮಡಚತೊಡಗಿದರು. ಪರದೆಯನ್ನೇ ಬದಲಿಸಬೇಕು, ಅದಕ್ಕಿಂತ ಹೊಸದೇ ಮೇಲು ಎಂದ. ಹೆಡ್‌ಮಾಸ್ಟ್ರು ತಮ್ಮ ಕೈಯ ದುಡ್ಡಿನಿಂದಲೇ ಹೊಸದು ತಂದಿಡುವ ಮಾತೂ ಆಡಿದರು. ಆದರೆ ಟಿವಿಯ ಬೆನ್ನಿಗೆ ಸರ್ಕಾರದ ನಂಬರು ಅಂಟಿಸಿತ್ತು, ಬೇರೆ ಟಿವಿಗೆ ಆ ನಂಬರು ಎಲ್ಲಿಂದ ತರುವುದು?

ರಿಪೇರಿಯವನು ಹೋದ ಮೇಲೆ ಅವರು ನನ್ನನ್ನು ಮೇಡಂ ಎನ್ನಲಿಲ್ಲ.

"ತಂಗಿ, ಮೂರು ವರ್ಷ ಹುಡುಗ್ರನ್ನ ಕಾದೆ. ಒಂದು ಹುಡುಗನೂ ಮುಟ್ಟಲಿಲ್ಲ. ನಾನ ಕೆಡಿಸಿದೆ."

ನನಗೆ ನಗಬೇಕೆನಿಸಿತು, ಅದಕ್ಕಿಂತ ಹೆಚ್ಚಾಗಿ ಅಯ್ಯೋ ಎನಿಸಿತು. ಆ ಮನುಷ್ಯನ ಬೆರಳ ಸಂದಿಯಲ್ಲಿ ಬೆಳಗಿನ ವಿಭೂತಿ ಇನ್ನೂ ಇತ್ತು. ಪ್ಲಾಸ್ಟಿಕ್ ಚೀಲ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ಕೂತ ಗೆಳೆಯರೇ ಅವರ ಕಣ್ಣ ಮುಂದೆ ಬಂದಿರಬೇಕು. ಸಮಾಧಾನ ಹೇಳಲು ಹೋಗಿ, ಹೇಗೂ ಕೆಟ್ಟಿದೆಯಲ್ಲ, ಇನ್ನಾದರೂ ಪಾಠಕ್ಕೆ ಕೊಡಿ ಸರ್ ಎಂದುಬಿಟ್ಟೆ. ಅವರು ಉಡಿದಾರದಿಂದ ಬೀಗದ ಕೈ ಬಿಚ್ಚಿ ಮೇಜಿನ ಮೇಲೆ ಇಟ್ಟರು.

"ಒಯ್ರಿ. ಇನ್ನೇನ್ ಉಳದೈತಿ ಕಾಯಾಕ."

ಮರುದಿನವೇ ಟಿವಿ ತರಗತಿಯ ಗೋಡೆ ಸೇರಿತು. ಎಡಗಡೆಯ ಕಪ್ಪು ಪಟ್ಟಿಗೆ ನಾವು ಬೇಗ ಹೊಂದಿಕೊಂಡೆವು. ಕರ್ನಾಟಕದ ನಕ್ಷೆ ತೋರಿಸಿದರೆ ಅರಬ್ಬಿ ಸಮುದ್ರವೂ ಕರಾವಳಿಯೂ ಕತ್ತಲಲ್ಲಿ ಹೋಗಿ ನಮ್ಮ ಸೀಮೆ ಮಾತ್ರ ಬೆಳಗುತ್ತಿತ್ತು. ಮಕ್ಕಳಿಗೆ ಅದೇನೂ ಅನ್ಯಾಯ ಎನಿಸಲಿಲ್ಲ. ಮೊದಮೊದಲು ನನ್ನ ಕೈ ರಿಮೋಟಿನ ಮೇಲೆ ತಡವರಿಸುತ್ತಿತ್ತು. ಆ ಒಂದು ಗುಂಡಿ ಬಿಟ್ಟರೆ ತರಬೇತಿಯಲ್ಲಿ ಹೇಳಿದ್ದು ಯಾವುದೂ ನೆನಪಿಗೆ ಬರಲಿಲ್ಲ. ತಪ್ಪು ಗುಂಡಿ ಒತ್ತಿ, ಮಕ್ಕಳ ಮುಂದೆ ಪೆಚ್ಚಾಗಿ, ಮತ್ತೆ ಒತ್ತಿ ಕಲಿತೆ. ಕರೆಂಟು ಇದ್ದಾಗ ಟಿವಿ, ಹೋದಾಗ ಹಲಗೆ. ಯಾವುದಕ್ಕೂ ಬೇಸರವಿಲ್ಲ.

ಒಂದು ದಿನ ಬೀಜ ಮೊಳೆಯುವ ಪಾಠ. ಮೆಕ್ಕೆಜೋಳದ ಕಾಳೊಂದು ಮಣ್ಣಿನೊಳಗೆ ಉಬ್ಬಿ, ಸಿಪ್ಪೆ ಸೀಳಿ, ಬೇರನ್ನು ಕೆಳಗೂ ಮೊಳಕೆಯನ್ನು ಮೇಲಕ್ಕೂ ಚಾಚುವ ವಿಡಿಯೋ ಹಾಕಿದೆ. ಹಲವು ದಿನದ ಕೆಲಸವನ್ನು ಒಂದು ನಿಮಿಷಕ್ಕೆ ಓಡಿಸಿ ತೋರಿಸುವಂಥದ್ದು. ಬಿತ್ತನೆ ಮಾಡುವ ಮನೆಯ ಮಕ್ಕಳು ಅವು. ಹೊಲದಲ್ಲಿ ಕಾಳು ಹಾಕಿ ಮಣ್ಣು ಮುಚ್ಚಿ ಬಂದವರಿಗೆ ಒಳಗೆ ಏನು ನಡೆಯುತ್ತದೆಂದು ಕಂಡದ್ದು ಅಂದೇ. ಫೋಟೊಗೆಂದು ಕಲಿಸಿದ್ದ ಮುಖ ಬೇರೆ, ಇದು ಬೇರೆ. ಇಲ್ಲಿ ಯಾರ ಬಾಯಿಯೂ ತೆರೆದಿರಲಿಲ್ಲ, ಹುಬ್ಬು ಗಂಟಿಕ್ಕಿ ನೋಡುತ್ತಿದ್ದರು. ವಿಡಿಯೋ ಮುಗಿದಾಗ ಬಾಗಿಲಿನಿಂದ ದನಿ ಬಂತು.

"ಇನ್ನೊಮ್ಮಿ ಹಚ್ರಿ ಮೇಡಂ."

ಹೆಡ್‌ಮಾಸ್ಟ್ರು. ಯಾವಾಗ ಬಂದು ನಿಂತಿದ್ದರೋ. ಇನ್ನೊಮ್ಮೆ ಹಚ್ಚಿದೆ. ಒಳಗೆ ಬಂದು ಹಿಂದಿನ ಸಾಲಿನಲ್ಲಿ ಮಕ್ಕಳ ಪಕ್ಕ ಕೂತು ನೋಡಿದರು. "ನಾನೂ ಒಕ್ಕಲುತನದ ಮನ್ಯಾಗ ಹುಟ್ಟಿದಾಂವ. ಬೇರು ಮದ್ಲ ಬರ್ತೈತಿ ಅಂತ ಪಾಠ ಮಾಡೀನಿ, ನೋಡಿದ್ದಿಲ್ಲ" ಎಂದು ಪಕ್ಕದ ಹುಡುಗನಿಗೆ ಹೇಳಿದರು. ಅಂದಿನಿಂದ ಅವರೂ ರಿಮೋಟು ಹಿಡಿದರು. ಹಡಗಲಿ ಕಡೆಯ ಹಳೆಯ ಕಲ್ಲುಗುಡಿಗಳನ್ನು ತೋರಿಸುತ್ತಾ ಪಾಠ ಮಾಡಿದರೆ ನನ್ನ ಲೆಕ್ಕ ಮತ್ತೆ ನಿಂತುಹೋಗುತ್ತಿತ್ತು. ಆದರೆ ಸಂಜೆ ಗೇಟಿಗೆ ಬೀಗ ಹಾಕುವಾಗ ಮುಖ ಬಾಡುತ್ತಿತ್ತು. ಬೇಸಿಗೆ ಹತ್ತಿರ ಬರುತ್ತಿತ್ತು.

ಬೇಸಿಗೆಗಿಂತ ಮೊದಲು ಟಿವಿಗಳ ತಪಾಸಣೆಗೆ ಅಧಿಕಾರಿಯೊಬ್ಬರು ಬಂದರು. ಹೆಡ್‌ಮಾಸ್ಟ್ರು ಹಿಂದಿನ ದಿನವೇ ನನಗೆ ಹೇಳಿದ್ದರು, ಸುಳ್ಳು ಹೇಳುವುದಿಲ್ಲ, ಆದದ್ದಾಗಲಿ ಎಂದು. ಅಧಿಕಾರಿ ತರಗತಿಗೆ ಬಂದು ಟಿವಿಯನ್ನು ನೋಡಿದರು. ಪರದೆಯ ತುಂಬ ಬೆರಳ ಗುರುತು, ಗುಂಡಿಗಳಲ್ಲಿ ಸುಣ್ಣದ ಪುಡಿ, ಚೌಕಟ್ಟಿನ ಮೇಲೆ ಯಾರೋ ಪೆನ್ನಿನಲ್ಲಿ ಬರೆದ ಗೀಚು, ಹಚ್ಚಿದರೆ ಕಪ್ಪು ಪಟ್ಟಿ. ಅವರು ಬಹಳ ಹೊತ್ತು ನೋಡಿ ನಿಟ್ಟುಸಿರು ಬಿಟ್ಟರು.

"ಮುಂಜಾನಿಂದ ತಿರುಗಾಕತ್ತೀನಿ. ಎಲ್ಲಾ ಸಾಲ್ಯಾಗೂ ಟಿವಿ ಮದಲಗಿತ್ತಿ ಹಾಂಗ ಮುಸುಕು ಹಾಕ್ಕೊಂಡು ಕುಂತಾವ. ಬಳಸಿದ ಟಿವಿ ನೋಡಿದ್ದು ಇದ ಮದ್ಲು" ಎಂದರು.

ಹೆಡ್‌ಮಾಸ್ಟ್ರು ಕೈ ಕಟ್ಟಿ ನಿಂತರು. "ಸರ್, ಬಳಸಿ ಕೆಟ್ಟಿಲ್ರಿ. ಕೆಟ್ಟ ಮ್ಯಾಲೆ ಬಳಸೀವಿ. ಪೂಜಿ ಮಾಡಾಕ ಹೋಗಿ ನಾನ ನೀರು ಬಿಟ್ಟೀನಿ."

ಅಧಿಕಾರಿ ಹೊಟ್ಟೆ ಹಿಡಿದು ನಕ್ಕರು. ಇಂಥ ವಿನಯದ ಮನುಷ್ಯರನ್ನು ನೋಡಿಲ್ಲ ಎಂದರು. ಮಕ್ಕಳ ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳುವ ಗುರುಗಳು ಈಗ ಎಲ್ಲಿ ಸಿಗುತ್ತಾರೆ ಎಂದೂ ನನ್ನ ಕಡೆ ತಿರುಗಿ ಹೇಳಿದರು. 'ಬೋಧನೆಯಲ್ಲಿ ನಿರಂತರ ಬಳಕೆಯಿಂದ ಆದ ಸವೆತ' ಎಂದು ಬರೆದು ಸಹಿ ಮಾಡಿ, ಚಹಾ ಕುಡಿದು ಹೋದರು. ಹೆಡ್‌ಮಾಸ್ಟ್ರ ನಿವೃತ್ತಿಯ ಮೇಲೆ ಕವಿದಿದ್ದ ಮೋಡ ಹಾಗೆ ಒಂದು ಗೆರೆಯಲ್ಲಿ ಚದುರಿಹೋಯಿತು.

"ನಾನು ಹೇಳಿದ್ನೋ ಇಲ್ಲೋ? ನೀವ ಸಾಕ್ಷಿ ಮೇಡಂ" ಎಂದು ಅವರು ಆ ವಾರವೆಲ್ಲ ನನ್ನನ್ನು ಕೇಳುತ್ತಿದ್ದರು. ಹೇಳಿದಿರಿ ಸರ್ ಎಂದು ನಾನೂ ಆ ವಾರವೆಲ್ಲ ಹೇಳಿದೆ.

ಅಷ್ಟಕ್ಕೆ ನಿ‌ಲ್ಲಲಿಲ್ಲ. ನಿವೃತ್ತಿಗೆ ಸ್ವಲ್ಪ ದಿನ ಉಳಿದಿರುವಾಗ ಹಗರಿಬೊಮ್ಮನಹಳ್ಳಿಯಲ್ಲಿ ಇನ್ನೊಂದು ತರಬೇತಿ ಬಂತು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಎಲ್ಲ ಕಡೆಯ ಮುಖ್ಯಗುರುಗಳಿಗೂ ಒಟ್ಟಿಗೆ. ಅಲ್ಲಿ 'ತಂತ್ರಜ್ಞಾನದ ಮಾದರಿ ಬಳಕೆ' ಎಂಬ ವಿಷಯದ ಮೇಲೆ ಮಾತಾಡಬೇಕೆಂದು ನಮ್ಮ ಹೆಡ್‌ಮಾಸ್ಟ್ರಿಗೆ ಕರೆ. ಅವರು ಒಲ್ಲೆ ಎಂದರು, ಮೇಲಿನವರು ಬಿಡಲಿಲ್ಲ. ಧೈರ್ಯಕ್ಕೆ ನನ್ನನ್ನೂ ಕರೆದುಕೊಂಡು ಹೊರಟರು.

ಕೊಟ್ಟೂರಿನಲ್ಲಿ ಬಸ್ಸು ನಿಂತಾಗ ಜನರ ನಡುವೆ ನುಸುಳಿಕೊಂಡು ಒಬ್ಬ ಹುಡುಗಿ ಹತ್ತಿದಳು. ನಮ್ಮನ್ನು ನೋಡಿ ಓಡಿ ಬಂದು ಇಬ್ಬರ ಕಾಲನ್ನೂ ಮುಟ್ಟಿದಳು. ಎರಡು ಜಡೆ ಒಂದಾಗಿತ್ತು, ಎತ್ತರ ಬಂದಿತ್ತು. ಶುಕ್ರವಾರದ ಮುಂದಿನ ಸಾಲಿನ ಹುಡುಗಿ. ಸೋದರತ್ತೆಯ ಮನೆಗೆ ಹೊರಟಿದ್ದಾಳಂತೆ, ಹೈಸ್ಕೂಲು ಚೆನ್ನಾಗಿದೆಯಂತೆ. ಇದ್ದಬದ್ದ ಸುದ್ದಿ ಹೇಳಿ ಮುಗಿಸಿ ಕೇಳಿದಳು.

"ಸರ್, ಆ ಟಿವಿ ಈಗ ಹಚ್ತೀರೇನ್ರಿ?"

"ಹಚ್ತೀವಿ ಮಗಳ."

"ಯಾವಾಗಿಂದ್ರಿ?"

ಹೆಡ್‌ಮಾಸ್ಟ್ರು ಕಿಟಕಿಯ ಸರಳು ಹಿಡಿದುಕೊಂಡರು. "ನೀವು ಹೋದ ಮ್ಯಾಲೆ" ಎಂದರು.

"ಹೌದ್ರಾ? ನಾವಿದ್ದಾಗ ಅದು ಹೊಸಾದಿತ್ತಲ್ರಿ, ಅದಕ್ಕ" ಎಂದಳು. ಅವಳ ಮಾತಿನಲ್ಲಿ ಒಂದಿಷ್ಟೂ ಕೊಂಕು ಇರಲಿಲ್ಲ. ಅತ್ತೆಯ ಊರು ಬಂದಾಗ ಕೈ ಬೀಸಿ ಇಳಿದು ಹೋದಳು. ಹಗರಿಬೊಮ್ಮನಹಳ್ಳಿ ಬರುವವರೆಗೆ ಹೆಡ್‌ಮಾಸ್ಟ್ರು ತಿರುಗಿ ನನ್ನ ಮುಖ ನೋಡಲಿಲ್ಲ.

ಸಭಾಂಗಣ ತುಂಬಿತ್ತು. ಹಾರ ಹಾಕಿದರು, ಶಾಲು ಹೊದಿಸಿದರು, ಮೈಕು ಕೊಟ್ಟರು. ಹೆಡ್‌ಮಾಸ್ಟ್ರು ಬರೆದುಕೊಂಡು ಬಂದ ಹಾಳೆಯನ್ನು ಮಡಚಿ ಜೇಬಿಗೆ ಹಾಕಿದರು. ಗವಸಿನಿಂದ ಶುರು ಮಾಡಿ ಎಲ್ಲವನ್ನೂ ಹೇಳಿದರು: ಬೀಗ, ಪ್ಲಾಸ್ಟಿಕ್ಕು, ಶುಕ್ರವಾರದ ಫೋಟೊ, ವಿಭೂತಿ, ಕೊನೆಗೆ 'ಸವೆತ' ಎಂದು ಬಿದ್ದ ಸಹಿ. ಜನ ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿದ್ದ, ತಪಾಸಣೆಗೆ ಬಂದಿದ್ದ ಅದೇ ಅಧಿಕಾರಿ ಎಲ್ಲರಿಗಿಂತ ಜೋರಾಗಿ ನಕ್ಕರು. ಅಷ್ಟು ಚೆನ್ನಾಗಿ ಹಾಸ್ಯ ಮಾಡುವವರೆಂದು ನಮಗೆ ಗೊತ್ತೇ ಇರಲಿಲ್ಲ ಎಂದು ಪಕ್ಕದಲ್ಲಿ ಯಾರೋ ಅಂದರು. ಅವರು ಹಾಸ್ಯ ಮಾಡುತ್ತಿರಲಿಲ್ಲ.

ನಗು ಇಳಿಯುವವರೆಗೆ ಕಾದು ಹೆಡ್‌ಮಾಸ್ಟ್ರು ಕೊನೆಯ ಮಾತು ಆಡಿದರು.

"ಟಿವಿ ಕೆಡಿಸಿದ್ದಕ್ಕ ನನಗ ಮಾಫಿ ಸಿಕ್ತು. ನನ್ನ ಕಾಗದ ಸ್ವಚ್ಛ ಅದಾವ. ಅದನ್ನ ಕಾಯ್ಕೊಂತ ಕುಂತಾಗ ಮೂರು ತರಗತಿ ಹುಡುಗ್ರು ನನ್ನ ಸಾಲಿ ಮುಗಿಸಿ ಹೋದ್ರು. ಅವ್ರ ಲೆಕ್ಕ ನನ್ನ ಯಾರೂ ಕೇಳ್ಲಿಲ್ಲ. ಇವತ್ತು ಬಸ್ಸಿನ್ಯಾಗ ಒಬ್ಬಾಕಿ ಕೇಳಿದ್ಲು. ಏನ್ ಹೇಳಬೇಕಂತ ನನಗ ಇನ್ನೂ ಗೊತ್ತಾಗವಲ್ದು."

ಆಮೇಲೆ ನಿರೂಪಣೆ ಮಾಡುತ್ತಿದ್ದವರು ಮೈಕು ತೆಗೆದುಕೊಂಡು, ನಗುನಗುತ್ತಲೇ ಒಳ್ಳೆಯ ಸಂದೇಶ ಕೊಟ್ಟಿದ್ದಕ್ಕೆ ವಂದನೆ ಹೇಳಿ, ಎಲ್ಲರೂ ಗುಂಪು ಫೋಟೊಗೆ ಹೊರಗೆ ಬರಬೇಕೆಂದರು.

ಫೋಟೊ ಮುಗಿದು ನಾವು ಬಸ್ಸಿಗೆ ಹೊರಟಾಗ ಬೇರೆ ತಾಲ್ಲೂಕಿನ ಮುಖ್ಯಗುರುಗಳೊಬ್ಬರು ಅವಸರದಿಂದ ಹಿಂದೆ ಬಂದರು. ತಲೆ ನರೆತವರು, ಗಂಭೀರ ಮುಖ. ಹೆಡ್‌ಮಾಸ್ಟ್ರ ಕೈ ಹಿಡಿದು ಪಕ್ಕಕ್ಕೆ ಕರೆದೊಯ್ದು, ಸುತ್ತ ನೋಡಿ, ದನಿ ಇಳಿಸಿ ಕೇಳಿದರು.

"ಸರ್, ನೀರು ಎಷ್ಟು ಹಾಕಿದ್ರಿ?"

ಹೆಡ್‌ಮಾಸ್ಟ್ರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು: ಇವರಿಗೂ ಅಂಥದೇ ಸಹಿ ಬೇಕಿತ್ತು. ಹೆಡ್‌ಮಾಸ್ಟ್ರು ಅವರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನೀರು ಹಾಕಬ್ಯಾಡ್ರಿ ಸರ್. ನಾಳೆ ಮುಂಜಾನಿ ಹೋಗಿ ಸುಮ್ನ ಹಚ್ಚಿಬಿಡ್ರಿ. ಕೈ ಮುಗಿತೀನಿ."

ಆ ಮನುಷ್ಯ ನಂಬಲಿಲ್ಲ. ಮೆಲ್ಲಗೆ ಕೈ ಬಿಡಿಸಿಕೊಂಡು, ಹೆಗಲ ಚೀಲ ಸರಿಮಾಡಿಕೊಂಡರು.

"ಹೇಳಾಕ ಮನಸಿಲ್ಲಂದ್ರ ಬಿಡ್ರಿ ಸರ್" ಎಂದರು. "ನಂದೂ ದೀಪಾವಳಿಗೆ ರಿಟೈರು ಐತಿ."